ಹಾಲಿ, ಮಾಜಿ, ಭಾವಿ

ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ ಬಂತೆಂದರೆ ರಸ್ತೆ ತುಂಬ ಬ್ಯಾನರ್. ಒಂದರ ಮೇಲೆ ‘ಹಾಲಿ ಶಾಸಕರು’, ಇನ್ನೊಂದರ ಮೇಲೆ ‘ಮಾಜಿ ಶಾಸಕರು’, ಸ್ವಲ್ಪ ಮುಂದೆ ಹೋದರೆ ‘ಭಾವಿ ಶಾಸಕರು’. ದಿನಾ ಓದುವ ಪದಗಳೇ. ಆದರೆ ಎಲ್ಲಿಂದ ಬಂದವು ಅಂತ ಯೋಚಿಸಿದವರು ಕಡಿಮೆ.

ಹಾಲಿ, ಮಾಜಿ ಎರಡೂ ಅರಬ್ಬಿ ಮೂಲದವು. ಫಾರ್ಸಿ, ಉರ್ದು ದಾಟಿ ಕನ್ನಡಕ್ಕೆ ಬಂದಿವೆ. ‘ಹಾಲ್’ ಅಂದರೆ ಈಗಿನ ಸ್ಥಿತಿ, ‘ಮಾಜಿ’ ಅಂದರೆ ಕಳೆದದ್ದು. ನಮ್ಮ ಕಡೆಯ ಉರ್ದು ಶಾಲೆಗಳಲ್ಲಿ ವ್ಯಾಕರಣದ ಪಾಠಕ್ಕೂ ಇವೇ ಪದಗಳು: ವರ್ತಮಾನಕಾಲ ಹಾಲ್, ಭೂತಕಾಲ ಮಾಜಿ. ಬಾಂಡ್ ಪೇಪರ್ ತೆಗೆದು ನೋಡಿ. ‘ಸಾ॥ ಜೇವರ್ಗಿ, ಹಾ॥ ವ॥ ಕಲಬುರಗಿ’ ಅಂತಿರುತ್ತದೆ. ಆ ‘ಹಾ’ ಕೂಡ ಇದೇ ಹಾಲಿ. ಊರು ಜೇವರ್ಗಿ, ಸದ್ಯದ ವಸ್ತಿ ಕಲಬುರಗಿ. ಭಾವಿ ಮಾತ್ರ ಸಂಸ್ಕೃತದ್ದು, ಮುಂದೆ ಆಗಲಿರುವವರು ಎಂದರ್ಥ.

ತಹಶೀಲ್ದಾರರು, ಮಾಸ್ತರರು ‘ನಿವೃತ್ತ’ರಾಗುತ್ತಾರೆ. ಶಾಸಕರನ್ನು ಯಾರೂ ಹಾಗೆ ಕರೆಯುವುದಿಲ್ಲ, ಅಲ್ವಾ? ಶಾಸಕರಾಗಲು 25 ವರ್ಷ ತುಂಬಿರಬೇಕು, ಆದರೆ ಇಷ್ಟಕ್ಕೇ ನಿಲ್ಲಿಸಬೇಕು ಅಂತ ವಯಸ್ಸಿನ ಮಿತಿ ಇಲ್ಲ. ಹಾಗಾಗಿ ಮಾಜಿ ಆದವರು ಮತ್ತೆ ಹಾಲಿ ಆಗಬಹುದು. ‘ನಿವೃತ್ತ’ದಲ್ಲಿ ಆ ದಾರಿ ಮುಚ್ಚಿರುತ್ತದೆ.

ಮಾಜಿ ಅಂದರೆ ಸೋತವರು ಅಂತ ಜಾಸ್ತಿ ಜನ ತಿಳಿಯುತ್ತಾರೆ. ಅದು ತಪ್ಪು. ಮಲ್ಲಿಕಾರ್ಜುನ ಖರ್ಗೆ 1972ರಲ್ಲಿ ಗುರುಮಠಕಲ್‌ನಿಂದ ಮೊದಲ ಸಲ ಗೆದ್ದರು. ಆ ಊರು ಈಗ ಯಾದಗಿರಿ ಜಿಲ್ಲೆಯಲ್ಲಿದೆ. ಅಲ್ಲಿಂದಲೇ ಸತತ ಎಂಟು ಸಲ, 2008ರಲ್ಲಿ ಚಿತ್ತಾಪುರದಿಂದ ಒಂಬತ್ತನೇ ಸಲ ಗೆದ್ದರು. 2009ರಲ್ಲಿ ಲೋಕಸಭೆಗೆ ಹೋದರು, ಮಾಜಿ ಶಾಸಕರಾದರು. ವಿಧಾನಸಭೆ ಚುನಾವಣೆಯಲ್ಲಿ ಒಮ್ಮೆಯೂ ಸೋಲದೆ ಮಾಜಿ ಆದವರು ಅವರು.

ಇನ್ನೊಂದು ಕಡೆ ಧರಂ ಸಿಂಗ್. ಜೇವರ್ಗಿಯ ಶಾಸಕರಾಗಿದ್ದೇ 2004ರಲ್ಲಿ ಮುಖ್ಯಮಂತ್ರಿಯಾದರು. 2008ರಲ್ಲಿ ಅದೇ ಜೇವರ್ಗಿಯಲ್ಲಿ ಬರೀ 70 ಮತಗಳಿಂದ ಸೋತರು. ಎಪ್ಪತ್ತು ಮತ ಅಂದರೆ ಒಂದು ಸಣ್ಣ ಓಣಿಯ ಜನ. ಹಾಲಿ ಮತ್ತು ಮಾಜಿಯ ನಡುವೆ ಅವತ್ತು ಇದ್ದದ್ದು ಅಷ್ಟೇ. ಮರುವರ್ಷ ಅವರು ಬೀದರ್‌ನಿಂದ ಲೋಕಸಭೆಗೆ ಗೆದ್ದರು.

ಹಾಲಿ, ಮಾಜಿ ಎರಡಕ್ಕೂ ದಾಖಲೆ ಇದೆ. ಮಾಜಿ ಶಾಸಕರಿಗೆ ಪಿಂಚಣಿಯೂ ಇದೆ. ಭಾವಿಗೆ ಏನೂ ಇಲ್ಲ. ಅದು ಅಭಿಮಾನಿಗಳ ಆಸೆ. ಕಲಬುರಗಿ, ಬೀದರ್, ಯಾದಗಿರಿ ಸೇರಿದರೆ ಇರುವುದು 19 ಕ್ಷೇತ್ರ. ಭಾವಿಗಳು ಅದಕ್ಕಿಂತ ಎಷ್ಟೋ ಪಟ್ಟು. ಪತ್ರಿಕೆಯವರು ಸುದ್ದಿಯಲ್ಲಿ ಈ ಪದ ಬಳಸಬಾರದು ಎಂದೇ ನನ್ನ ಅಭಿಪ್ರಾಯ. ‘ಟಿಕೆಟ್ ಆಕಾಂಕ್ಷಿ’ ಅಂದರೆ ಸಾಕು.

ಸೂಪರ್ ಮಾರ್ಕೆಟ್ ಹತ್ತಿರ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಮತ ಎಣಿಕೆಯ ದಿನ ಕೂತಿದ್ದೆ. ಕಂಪ್ಯೂಟರಿನಲ್ಲಿ ಹಳೆಯ ಬ್ಯಾನರ್ ತೆರೆದಿತ್ತು. ಅದೇ ಫೋಟೊ, ಅದೇ ಕೈ ಮುಗಿದ ನಿಲುವು. ಹುಡುಗ ‘ಹಾಲಿ’ ಅಳಿಸಿ ‘ಮಾಜಿ’ ಅಂತ ಹೊಡೆದ. ಎರಡೂ ಎರಡೇ ಅಕ್ಷರ, ಸಾಲಿನ ಅಳತೆ ಬದಲಾಗಲಿಲ್ಲ.