ಸೂರ್ಯನ ಚಿತ್ರ ನೋಡುವ ಮೊದಲು ಹೆಡರ್ ಓದಿ

ಕಳೆದ ಭಾನುವಾರ ಬರಲಾಗದ ಗೆಳೆಯರಿಗಾಗಿ ಈ ಟಿಪ್ಪಣಿ. ಪುಣೆಯಲ್ಲಿ ಓದುತ್ತಿರುವ ನಾವು ನಾಲ್ಕೈದು ಕನ್ನಡದವರು ಒಂದು ಸೌರಜ್ವಾಲೆಯನ್ನು, ಅಂದರೆ ಸೂರ್ಯನ ಮೇಲಿನ ಒಂದು ಸ್ಫೋಟವನ್ನು, ಹಿಡಿದು ಕೂತಿದ್ದೆವು. ಬೇರೆ ಬೇರೆ ಉಪಗ್ರಹಗಳು ತೆಗೆದ ಅದರ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವುದು ನಮ್ಮ ಕೆಲಸ. 2024ರ ಫೆಬ್ರವರಿ 22ರ ಎಕ್ಸ್6.3 ಜ್ವಾಲೆ ಅದು; ಎಕ್ಸ್ ಅಂದರೆ ಅತಿ ಜೋರಾದ ಜ್ವಾಲೆಗಳ ವರ್ಗ. ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಇಸ್ರೋದ ಸೂರ್ಯ ನೌಕೆ ಆದಿತ್ಯ ಎಲ್1ರಲ್ಲಿರುವ ಸೂಟ್ ಎಂಬ ಅತಿನೇರಳೆ ದೂರದರ್ಶಕ ಇದನ್ನು ಸೆರೆಹಿಡಿದಿದೆ. ಸೂಟ್ ಕಟ್ಟಿದ್ದು ಇಲ್ಲೇ, ಗಣೇಶಖಿಂಡದ ಐಯುಕಾ ಎಂಬ ಖಗೋಳ ಸಂಶೋಧನಾ ಸಂಸ್ಥೆಯಲ್ಲಿ. ಊರಿನ ದೂರದರ್ಶಕ ಅನ್ನುವ ಅಭಿಮಾನ ಹೊರಗಿನಿಂದ ಬಂದವರಿಗೂ ಇರುತ್ತದೆ, ಅಲ್ವಾ?

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಜ್ವಾಲೆ ತುದಿ ಮುಟ್ಟಿದ್ದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದ ಪ್ರಕಾರ 22ರ ರಾತ್ರಿ 22:34ಕ್ಕೆ. ನಮ್ಮ ಗಡಿಯಾರದಲ್ಲಿ ಅದು 23ರ ನಸುಕಿನ 4:04. ನಾನು ನೋಟ್‌ಬುಕ್ಕಿನಲ್ಲಿ ನಮ್ಮ ಸಮಯವನ್ನೇ ಬರೆದುಕೊಂಡಿದ್ದೆ, ಚಿತ್ರ ಹುಡುಕುವಾಗಲೂ ಅದನ್ನೇ ಟೈಪ್ ಮಾಡಿದೆ. ಹುಡುಕಾಟ ಅದನ್ನು ಯುಟಿಸಿ ಎಂದೇ ಓದಿತು. ಬಂದದ್ದು ಜ್ವಾಲೆ ಮುಗಿದು ಐದೂವರೆ ತಾಸಾದ ಮೇಲಿನ ಚಿತ್ರಗಳು. ರಾತ್ರಿಯೆಲ್ಲ ಡೌನ್‌ಲೋಡ್ ಮಾಡಿದ್ದು ನೀರಲ್ಲಿ ಹೋಮ. ಧಾರವಾಡದ ರೂಮ್‌ಮೇಟ್ ಇಣುಕಿ ನೋಡಿ, "ಎಲ್ಲಿ ಐತಲೇ ನಿನ್ನ ಸ್ಫೋಟ? ಸೂರ್ಯ ತಣ್ಣಗ ಕುಂತಾನಲ್ಲ" ಅಂದ.

ಹಾಗಾಗಿ ಎಲ್ಲ ಕಡೆ ಯುಟಿಸಿ ಬಳಸಿ. ಆದರೂ ಒಂದು ಕೊಕ್ಕೆ ಉಳಿಯುತ್ತದೆ. ಸೂರ್ಯನನ್ನು ನೋಡುವ ನಾಸಾದ ಎಸ್‌ಡಿಒ ಉಪಗ್ರಹದ ಎಚ್‌ಎಂಐ ಉಪಕರಣದ ದಾಖಲೆಗಳನ್ನು ಟಿಎಐ ಎಂಬ ಪರಮಾಣು ಸಮಯದ ಲೆಕ್ಕದಲ್ಲಿ ಇಟ್ಟಿರುತ್ತಾರೆ. ಅದು ಯುಟಿಸಿಗಿಂತ 37 ಸೆಕೆಂಡ್ ಮುಂದೆ. ಎಚ್‌ಎಂಐ 45 ಸೆಕೆಂಡಿಗೊಂದು ಕಾಂತಕ್ಷೇತ್ರದ ನಕ್ಷೆ ಕೊಡುವುದರಿಂದ, ಇದನ್ನು ಮರೆತರೆ ಪಕ್ಕದ ನಕ್ಷೆ ಕೈಗೆ ಬರಬಹುದು.

ಈಗ ಡೇಟಾ ಎಲ್ಲಿ ಸಿಗುತ್ತದೆ ಅನ್ನುವುದು. ಇದು ಸುಲಭದ ಭಾಗ. ಎಸ್‌ಡಿಒ ಡೇಟಾದ ಮೂಲ ಮನೆ ಸ್ಟ್ಯಾನ್‌ಫರ್ಡ್‌ನ ಜೆಸಾಕ್ ಎಂಬ ಡೇಟಾ ಕೇಂದ್ರ. ಎಸ್‌ಡಿಒ, ಸೋಹೊ, ಸ್ಟೀರಿಯೊದಂಥ ಹಲವು ಯೋಜನೆಗಳನ್ನು ಒಂದೇ ಬಾಗಿಲಲ್ಲಿ ಹುಡುಕಲು ವಿಎಸ್‌ಒ, ಅಂದರೆ ವರ್ಚುವಲ್ ಸೋಲಾರ್ ಅಬ್ಸರ್ವೇಟರಿ ಇದೆ. ಪೈಥಾನ್ ಬಲ್ಲವರಿಗೆ ಸನ್‌ಪೈ ಎಂಬ ಸೌರ ಡೇಟಾ ಲೈಬ್ರರಿಯ ಒಳಗಿನ 'ಫಿಡೋ' ಸಾಕು; ಸಮಯ, ಉಪಕರಣ, ತರಂಗಾಂತರ ಹೇಳಿದರೆ ತಾನೇ ಹೋಗಿ ತರುತ್ತದೆ. ಆದಿತ್ಯದ ಡೇಟಾಗೆ ಮಾತ್ರ ಇಸ್ರೋದ ಪ್ರದಾನ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅದನ್ನು ನಡೆಸುವ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ನಾವು ಕರ್ನಾಟಕ ಬಿಟ್ಟು ಪುಣೆಗೆ ಬಂದರೆ, ಪುಣೆಯ ದೂರದರ್ಶಕದ ಚಿತ್ರಗಳು ಕರ್ನಾಟಕದಿಂದ ಬರುತ್ತವೆ!

ಡೌನ್‌ಲೋಡ್ ಮಾಡುವ ಮೊದಲು ಹೀಲಿಯೋವ್ಯೂವರ್ ಎಂಬ ಜಾಲತಾಣದಲ್ಲಿ ಆ ಹೊತ್ತಿನ ಚಿತ್ರಗಳನ್ನು ಸುಮ್ನೆ ಓಡಿಸಿ ನೋಡಿ. ಎಸ್‌ಡಿಒದ ಎಐಎ ಉಪಕರಣ ಅತಿನೇರಳೆಯ ಒಂದೊಂದು ಮುಖ್ಯ ಚಾನೆಲ್‌ನಲ್ಲೂ 12 ಸೆಕೆಂಡಿಗೊಂದು ಚಿತ್ರ ತೆಗೆಯುತ್ತದೆ. ಗಂಟೆಗೆ 300 ಆಯಿತು. ಒಂದು ಚಿತ್ರ ಅಂದರೆ 4096 ಗುಣಿಸು 4096 ಪಿಕ್ಸೆಲ್. ಪಿಕ್ಸೆಲ್ಲಿಗೆ 4 ಬೈಟ್ ಹಿಡಿದರೂ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ 67 ಎಂಬಿ. ಹಾಸ್ಟೆಲ್ ವೈಫೈ, ಎಂಟು ಜಿಬಿ ರ‍್ಯಾಮ್, ನೀವೇ ಲೆಕ್ಕ ಹಾಕಿ. ನಿಮಿಷಕ್ಕೊಂದು ಚಿತ್ರ ತೆಗೆದುಕೊಳ್ಳಿ, ಅಥವಾ ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಕೊಡು ಎಂದು ಜೆಸಾಕ್‌ಗೆ ಕೇಳಿ.

ಕಷ್ಟ ಶುರುವಾಗುವುದು ಒಂದರ ಮೇಲೊಂದು ಇಡುವಾಗ. ನಾವು ಮೊದಲು ಎಐಎ ಚಿತ್ರದ ಮೇಲೆ ಎಚ್‌ಎಂಐ ನಕ್ಷೆಯನ್ನು ಹಾಗೇ ಹೊದಿಸಿದೆವು. ಸೌರಕಲೆ ಒಂದು ಗೋಳಾರ್ಧದಲ್ಲಿ, ಅದರ ಹೊಳಪು ಇನ್ನೊಂದರಲ್ಲಿ! ಎಚ್‌ಎಂಐ ಚಿತ್ರ ಹೆಚ್ಚುಕಡಿಮೆ 180 ಡಿಗ್ರಿ ತಿರುಗಿರುತ್ತದೆ. ಇದು ದೋಷ ಅಲ್ಲ, ಹೆಡರ್‌ನಲ್ಲಿ, ಅಂದರೆ ಫೈಲಿನ ಜೊತೆ ಬರುವ ಮಾಹಿತಿ ಪಟ್ಟಿಯಲ್ಲಿ, ಎಷ್ಟು ತಿರುಗಿದೆ ಎಂದು ಹೇಳುವ ಕ್ರೋಟಾ2 ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿದೆ. ನಾವು ಓದಿರಲಿಲ್ಲ ಅಷ್ಟೇ. ಈ ಚಿತ್ರಗಳು ಬರುವ ಫಿಟ್ಸ್ ಫೈಲ್ ಅಂದರೆ ಚಿತ್ರ ಮಾತ್ರ ಅಲ್ಲ, ಚಿತ್ರದ ಜಾತಕವೂ ಹೌದು. ತೆಗೆದ ಸಮಯ, ಪಿಕ್ಸೆಲ್ಲಿನ ಅಳತೆ, ಸೂರ್ಯನ ಕೇಂದ್ರ ಎಲ್ಲಿದೆ, ಎಷ್ಟು ವಾಲಿದೆ, ಸೂರ್ಯನಿಂದ ಉಪಗ್ರಹ ಎಷ್ಟು ದೂರ, ಎಲ್ಲ ಅದರಲ್ಲಿದೆ.

ಪಿಕ್ಸೆಲ್ ಅಳತೆಯನ್ನೇ ನೋಡಿ. ಎಚ್‌ಎಂಐಗೆ ಸುಮಾರು 0.5 ಆರ್ಕ್‌ಸೆಕೆಂಡ್ (ಒಂದು ಡಿಗ್ರಿ ಕೋನದ 3600ನೇ ಒಂದು ಭಾಗ), ಎಐಎಗೆ 0.6, ಸೂಟ್‌ಗೆ 0.7. ಇದನ್ನು ಒಂದೇ ಅಳತೆಗೆ ತರುವುದು ದೊಡ್ಡ ಮಾತಲ್ಲ. ನಮ್ಮನ್ನು ಜಾಸ್ತಿ ಕಾಡಿದ್ದು ದೂರ. ಎಸ್‌ಡಿಒ ಭೂಮಿಯ ಸುತ್ತ ಇದೆ. ಆದಿತ್ಯ ಇರುವುದು ಎಲ್1 ಎಂಬ ಬಿಂದುವಿನ ಬಳಿ, ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ಹತ್ತಿರ. ಒಟ್ಟು ದೂರ ಸುಮಾರು 15 ಕೋಟಿ ಕಿಲೋಮೀಟರ್ ಇರುವಾಗ ಇದು ಒಂದು ಪರ್ಸೆಂಟ್, ಏನು ಮಹಾ ಅಂದುಕೊಂಡೆವು. ಆದರೆ ಫೆಬ್ರವರಿಯಲ್ಲಿ ಭೂಮಿಯಿಂದ ಸೂರ್ಯನ ತ್ರಿಜ್ಯ ಸುಮಾರು 970 ಆರ್ಕ್‌ಸೆಕೆಂಡ್, ಅದರ ಒಂದು ಪರ್ಸೆಂಟ್ ಅಂದರೆ ಹತ್ತಿರಹತ್ತಿರ 10 ಆರ್ಕ್‌ಸೆಕೆಂಡ್. ಅಂಚಿನಲ್ಲಿ ಎಐಎಯ 16 ಪಿಕ್ಸೆಲ್ ತಪ್ಪು! ಬೆಳಕು ಆದಿತ್ಯಕ್ಕೆ 5 ಸೆಕೆಂಡ್ ಮೊದಲೇ ತಲುಪುತ್ತದೆ, ಅದನ್ನು ಸದ್ಯಕ್ಕೆ ಬಿಟ್ಟುಬಿಡಬಹುದು. ಸೂರ್ಯನನ್ನು ಸುತ್ತುವ ಸೋಲಾರ್ ಆರ್ಬಿಟರ್ ನೌಕೆಯದಾದರೆ ಬಿಡುವ ಹಾಗಿಲ್ಲ. ಅದು ಸೂರ್ಯನಿಗೆ ತೀರಾ ಹತ್ತಿರ ಹೋದಾಗ, ನಮಗೆ ಕಾಣುವ ಸುಮಾರು ಆರು ನಿಮಿಷ ಮೊದಲೇ ಜ್ವಾಲೆ ಅದಕ್ಕೆ ಕಂಡಿರುತ್ತದೆ.

ಸೂರ್ಯ ಬೇರೆ ಸುಮ್ಮನೆ ನಿಲ್ಲುವುದಿಲ್ಲ. ಬಿಂಬದ ನಡುವಿನ ಕಲೆ ಗಂಟೆಗೆ 9 ಆರ್ಕ್‌ಸೆಕೆಂಡ್‌ನಷ್ಟು ಪಶ್ಚಿಮಕ್ಕೆ ಸರಿಯುತ್ತದೆ. ಬೇರೆ ಬೇರೆ ಹೊತ್ತಿನ ಚಿತ್ರಗಳಿದ್ದರೆ ಈ ತಿರುಗುವಿಕೆಯನ್ನು ತಿದ್ದಬೇಕು. ಸನ್‌ಪೈಯ ರೀಪ್ರೊಜೆಕ್ಟ್ ಒಂದು ಉಪಗ್ರಹದ ನೋಟವನ್ನು ಇನ್ನೊಂದರ ಜಾಗದಿಂದ ನೋಡಿದಂತೆ ಬದಲಿಸಿ ಕೊಡುತ್ತದೆ. ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಎಲ್ಲ ಬೆಳಕೂ ಸೂರ್ಯನ ಮೇಲ್ಮೈಯಿಂದಲೇ ಬಂತು ಎಂದು ಅದು ಹಿಡಿಯುತ್ತದೆ. ಸೂರ್ಯನ ಹೊರ ವಾತಾವರಣವಾದ ಕರೋನದ ಎತ್ತರದ ಕಮಾನುಗಳು ಹಾಗಲ್ಲವಲ್ಲ, ಅವು ಅಂಚಿನ ಬಳಿ ಎಳೆದ ರಬ್ಬರಿನಂತೆ ಹಿಗ್ಗುತ್ತವೆ.

ಇಷ್ಟಾದ ಮೇಲೂ ನಾಲ್ಕೈದು ಪಿಕ್ಸೆಲ್ ಜಾರಿರುತ್ತದೆ. ಆಗ ಕಲೆಗಳನ್ನೇ ಗುರುತಾಗಿ ಹಿಡಿದು ಹೊಂದಿಸಬೇಕು. ನಮ್ಮ ತಪ್ಪು, ಸೂಟ್‌ನ ಮೆಗ್ನೀಸಿಯಂ ಚಿತ್ರವನ್ನು, ಅಂದರೆ ಎನ್‌ಬಿ03 ಫಿಲ್ಟರ್‌ನದನ್ನು, ಎಐಎ 171ಕ್ಕೆ (ಈ ಅಂಕಿಗಳು ಆಂಗ್‌ಸ್ಟ್ರಾಮ್‌ನಲ್ಲಿ ತರಂಗಾಂತರ) ಹೊಂದಿಸಲು ಹೋದದ್ದು. ಒಂದು ವರ್ಣಗೋಳ, ಅಂದರೆ ಮೇಲ್ಮೈಗೂ ಕರೋನಕ್ಕೂ ನಡುವಿನ ಪದರ, ಇನ್ನೊಂದು ಸುಮಾರು 6 ಲಕ್ಷ ಡಿಗ್ರಿಯ ಕರೋನ. ಅತ್ತೆ ಮುಖ ನೋಡಿ ಸೊಸೆ ಗುರುತು ಹಿಡಿದಂತೆ! ಎಐಎ 1600 ಅಥವಾ 1700 ಚಿತ್ರ ತೆಗೆದುಕೊಳ್ಳಿ. ಅವು ಕೆಳಗಿನ ಪದರದವು, ಕಲೆಗಳೂ ಕಾಣುತ್ತವೆ. ಅದರಿಂದ ಸಿಕ್ಕ ಜಾರಿಕೆಯನ್ನು 171ಕ್ಕೂ ಅನ್ವಯಿಸಿ.

ಹೊಳಪಿನ ಬಗ್ಗೆ ಎರಡೇ ಮಾತು. ಜ್ವಾಲೆ ಜೋರಾದಾಗ ಎಐಎ ತಾನೇ ಎಕ್ಸ್‌ಪೋಷರ್ ಕಡಿಮೆ ಮಾಡಿಕೊಳ್ಳುತ್ತದೆ. ಹೊಳಪನ್ನು ಆ ಎಕ್ಸ್‌ಪೋಷರ್ ಸಮಯದಿಂದ ಭಾಗಿಸದಿದ್ದರೆ ಗ್ರಾಫ್ ಗರಗಸದ ಹಲ್ಲಿನಂತೆ ಬರುತ್ತದೆ. 2010ರಿಂದ ದುಡಿಯುತ್ತಿರುವ ಉಪಕರಣವಾದ್ದರಿಂದ ಅದರ ಸಂವೇದನೆಯೂ ಇಳಿದಿದೆ, 304ರಲ್ಲಂತೂ ತುಂಬಾ. ಎಐಎಪೈ ಎಂಬ ಪೈಥಾನ್ ಲೈಬ್ರರಿಯಲ್ಲಿ ಇದಕ್ಕೆ ತಿದ್ದುಪಡಿ ಸಿದ್ಧವಾಗಿದೆ.

ಮುಂದಿನ ಭಾನುವಾರ ಗೋಸ್ ಉಪಗ್ರಹದ ಎಕ್ಸ್‌ರೇ ಗ್ರಾಫನ್ನು ಇದರ ಕೆಳಗೆ ಜೋಡಿಸೋಣ. 6.3 ಅನ್ನುವ ಅಂಕಿ ಬಂದದ್ದೇ ಅಲ್ಲಿಂದ: ಚದರ ಮೀಟರಿಗೆ 0.00063 ವ್ಯಾಟ್. ಬರುವವರು 22ರ 22:00ರಿಂದ 23:00ರವರೆಗಿನ ಎಐಎ 1700 ಚಿತ್ರಗಳನ್ನು ನಿಮಿಷಕ್ಕೊಂದರಂತೆ ಇಳಿಸಿಕೊಂಡು ಬನ್ನಿ. ಯುಟಿಸಿ, ಮರೆಯಬೇಡಿ.