ಆನೆಗೆ ಇಲ್ಲದ ಅಪರಾಧ ಕುಡಿದ ಚಾಲಕನಿಗೆ ಮಾತ್ರ ಏಕೆ?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಕಡೆಯ ಊರು. ತೋಟಕ್ಕೆ ಕೆಲಸಕ್ಕೆ ಹೋಗುವವರನ್ನು ಆನೆ ತುಳಿದರೆ ಅರಣ್ಯ ಇಲಾಖೆಯವರು ಬಂದು ಅದನ್ನು ಓಡಿಸುತ್ತಾರೆ, ಇಲ್ಲವೇ ಹಿಡಿದು ದುಬಾರೆಯ ಆನೆ ಶಿಬಿರಕ್ಕೋ ಮತ್ತಿಗೋಡಿನ ಶಿಬಿರಕ್ಕೋ ಸಾಗಿಸುತ್ತಾರೆ. ಆನೆಯನ್ನು ಯಾರೂ ಅಪರಾಧಿ ಎನ್ನುವುದಿಲ್ಲ. ಕುಡಿದು ಜೀಪು ಓಡಿಸಿ ಅದೇ ಜನರ ಮೇಲೆ ಹರಿಸಿದವನನ್ನು ಮಾತ್ರ ಜೈಲಿಗೆ ಹಾಕುತ್ತೇವೆ. ನಾವು ತೀರ್ಮಾನಿಸುವ ಮೊದಲೇ ನಮ್ಮ ಮಿದುಳು ತೀರ್ಮಾನಿಸಿರುತ್ತದೆ ಎಂದು ಪ್ರಯೋಗಗಳಲ್ಲಿ ಸಾಬೀತಾಗಿದೆಯಂತೆ. ಹಾಗಿದ್ದರೆ ಆ ಚಾಲಕನೂ ಆನೆಯಷ್ಟೇ ಅಸಹಾಯಕನಲ್ಲವೇ?

ಉತ್ತರ: ಅಲ್ಲ. ಆದರೆ ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಮಾತ್ರ ತಪ್ಪು. ಆನೆಗೆ ಪ್ರಜ್ಞೆಯಿಲ್ಲ, ಮನುಷ್ಯನಿಗಿದೆ, ಅದಕ್ಕೇ ಈ ಭೇದ ಎಂದು ಹಲವರು ಹೇಳಿಬಿಡುತ್ತಾರೆ. ಆನೆಯನ್ನು ಹತ್ತಿರದಿಂದ ಬಲ್ಲ ಮಾವುತರ ಮುಂದೆ ಈ ಮಾತು ಆಡಿದರೆ ನಕ್ಕುಬಿಟ್ಟಾರು. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹ್ಯಾಪಿ ಎಂಬ ಏಷ್ಯಾದ ಹೆಣ್ಣಾನೆ ತನ್ನ ಹಣೆಗೆ ಹಚ್ಚಿದ್ದ ಗುರುತನ್ನು ಕನ್ನಡಿಯಲ್ಲಿ ಕಂಡು ಸೊಂಡಿಲಿನಿಂದ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಿತು. 2006ರಲ್ಲಿ ಪ್ರಕಟವಾದ ಆ ಅಧ್ಯಯನ ಆನೆಗೆ ‘ಇದು ನಾನು’ ಎಂಬ ಅರಿವು ಇರಬಹುದು ಎಂಬುದಕ್ಕೆ ಬಲವಾದ ಸಾಕ್ಷಿ. ನೋವು, ಭಯ, ನೆನಪು, ಮರಿಯ ಮೇಲಿನ ಅಕ್ಕರೆ ಆನೆಗೆ ಇವೆಯೇ ಎಂದು ಕೊಡಗಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಜ್ಞೆ ಎಂಬುದು ಏನು, ನರಕೋಶಗಳ ವಿದ್ಯುತ್ತು ‘ಅನುಭವ’ ಆಗುವುದು ಹೇಗೆ ಎಂಬುದಂತೂ ಇನ್ನೂ ಬಗೆಹರಿಯದ ಪ್ರಶ್ನೆ. ತತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರಲ್ಲಿ ಅದನ್ನು ‘ಕಠಿಣ ಸಮಸ್ಯೆ’ ಎಂದು ಕರೆದ ಮೇಲೆ ವಾದ ಇನ್ನಷ್ಟು ಬೆಳೆದಿದೆ, ತೀರಿಲ್ಲ. ನಮ್ಮ ಪ್ರಶ್ನೆಗೆ ಅದು ತೀರಬೇಕಾದ ಅಗತ್ಯವೂ ಇಲ್ಲ. ಆನೆಗೆ ಪ್ರಜ್ಞೆ ಇದೆ ಎಂದು ಒಪ್ಪಿಕೊಂಡೇ ನಾವು ಅದನ್ನು ದೂರುವುದಿಲ್ಲ. ಆದ್ದರಿಂದ ಹೊಣೆಗಾರಿಕೆಯ ಬೇರು ಬೇರೆ ಎಲ್ಲೋ ಇದೆ.

ಮೊದಲು ಪ್ರಯೋಗದ ವಿಷಯ ಮುಗಿಸೋಣ. ಎಲ್ಲರೂ ಉಲ್ಲೇಖಿಸುವುದು ಸ್ಯಾನ್ ಫ್ರಾನ್ಸಿಸ್ಕೋದ ಮಿದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಕೆಲಸವನ್ನು. ತಲೆಗೆ ವಿದ್ಯುತ್ ತಂತಿ ಅಂಟಿಸಿಕೊಂಡು ಕುಳಿತವರಿಗೆ, ನಿಮಗೆ ಅನಿಸಿದಾಗ ಮಣಿಕಟ್ಟನ್ನು ಅಲ್ಲಾಡಿಸಿ ಎಂದು ಹೇಳಲಾಗಿತ್ತು. ಎದುರಿಗೆ ಒಂದು ಗಡಿಯಾರ. ಅದರ ಚುಕ್ಕೆ 2.56 ಸೆಕೆಂಡಿಗೆ ಒಂದು ಸುತ್ತು ಬರುತ್ತಿತ್ತು. ಅಲ್ಲಾಡಿಸಬೇಕು ಎನಿಸಿದ ಕ್ಷಣದಲ್ಲಿ ಚುಕ್ಕೆ ಎಲ್ಲಿತ್ತು ಎಂದು ಅವರು ಹೇಳಬೇಕು. ಕೈ ಅಲ್ಲಾಡುವುದಕ್ಕೆ ಸುಮಾರು 550 ಮಿಲಿಸೆಕೆಂಡು (ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು) ಮೊದಲೇ ಮಿದುಳಿನಲ್ಲಿ ಸಿದ್ಧತೆಯ ಅಲೆ ಏಳುತ್ತಿತ್ತು. ‘ಮನಸ್ಸಾಯಿತು’ ಎಂದು ಅವರು ಗುರುತಿಸಿದ ಕ್ಷಣ ಮಾತ್ರ ಸುಮಾರು 200 ಮಿಲಿಸೆಕೆಂಡು ಮೊದಲು. ಇಂಥ ಅಲೆ ಇದೆ ಎಂಬುದನ್ನು ಜರ್ಮನಿಯ ಕಾರ್ನ್‌ಹೂಬರ್ ಮತ್ತು ಡೀಕೆ 1965ರಲ್ಲೇ ತೋರಿಸಿದ್ದರು. ನಡುವಿನ 350 ಮಿಲಿಸೆಕೆಂಡಿಗೆ ತಾತ್ವಿಕ ಅರ್ಥ ಬಂದದ್ದು ಲಿಬೆಟ್‌ನಿಂದ. ಆತನೂ ಸ್ವತಂತ್ರ ಇಚ್ಛೆ ಸತ್ತಿತು ಎನ್ನಲಿಲ್ಲ. ಕೊನೆಯ ಗಳಿಗೆಯಲ್ಲಿ ‘ಬೇಡ’ ಎಂದು ತಡೆಯುವ ಅವಕಾಶ ಪ್ರಜ್ಞೆಗೆ ಉಳಿದಿದೆ ಎಂದ. ಸುದ್ದಿಯಲ್ಲಿ ಈ ಭಾಗ ಬರುವುದಿಲ್ಲ.

2008ರಲ್ಲಿ ಜಾನ್ ಡೈಲನ್ ಹೇನ್ಸ್ ಮತ್ತು ಸಂಗಡಿಗರು ಸ್ಕ್ಯಾನಿಂಗ್ ಯಂತ್ರದೊಳಗೆ ಇದನ್ನು ಮುಂದುವರಿಸಿ, ಎಡ ಗುಂಡಿಯೋ ಬಲ ಗುಂಡಿಯೋ ಎಂಬುದನ್ನು ಹಲವು ಸೆಕೆಂಡು ಮೊದಲೇ ಊಹಿಸಬಹುದು ಎಂದರು. ಊಹೆ ಎಷ್ಟು ಸರಿ ಬಂತು? ಸುಮಾರು ಶೇಕಡಾ 60. ಕಣ್ಣು ಮುಚ್ಚಿ ಹೇಳಿದರೂ ಶೇಕಡಾ 50 ಸರಿಯಾಗುತ್ತದೆ ಎಂಬುದನ್ನು ಮರೆಯಬಾರದು. 2012ರಲ್ಲಿ ಆರನ್ ಶರ್ಗರ್ ಮತ್ತು ಸಂಗಡಿಗರು ಆ ಅಲೆಯನ್ನೇ ಬೇರೆ ರೀತಿ ಓದಿದರು. ಮಿದುಳಿನಲ್ಲಿ ಸದಾ ಏರಿಳಿತ ಇರುತ್ತದೆ. ಮಾಡಲು ಯಾವ ಕಾರಣವೂ ಇಲ್ಲದ ಕೆಲಸ ಹೇಳಿದಾಗ, ಏರಿಳಿತ ಒಂದು ಮಟ್ಟ ದಾಟಿದಾಗ ಕೈ ಅಲ್ಲಾಡುತ್ತದೆ. ಕೈ ಅಲ್ಲಾಡಿದ ಕ್ಷಣದಿಂದ ಹಿಂದಕ್ಕೆ ಲೆಕ್ಕ ಹಾಕಿ ಸರಾಸರಿ ತೆಗೆದರೆ ಅದು ಮೆಲ್ಲಗೆ ಏರುವ ಅಲೆಯಂತೆ ಕಾಣುತ್ತದೆ. ಎಂದರೆ ಅದು ಮೊದಲೇ ಆಗಿಹೋದ ತೀರ್ಮಾನದ ಗುರುತೇ ಆಗಬೇಕೆಂದಿಲ್ಲ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು 2019ರ ಒಂದು ಪ್ರಯೋಗ. ಯೂರಿ ಮಾವೋಜ್ ಮತ್ತು ಸಂಗಡಿಗರು ಎರಡು ಸೇವಾ ಸಂಸ್ಥೆಗಳಲ್ಲಿ ಯಾವುದಕ್ಕೆ 1000 ಡಾಲರ್ ಹೋಗಬೇಕು ಎಂಬ ಆಯ್ಕೆಯನ್ನು ಜನರ ಮುಂದಿಟ್ಟರು. ಯಾವುದನ್ನು ಆರಿಸಿದರೂ ಒಂದೇ ಎಂಬಂತಿದ್ದಾಗ ಆ ಹಳೆಯ ಅಲೆ ಕಂಡಿತು. ಆಯ್ಕೆಗೆ ನಿಜವಾದ ಪರಿಣಾಮ ಇದ್ದು, ಯೋಚಿಸಿ ಆರಿಸಿದಾಗ ಅದು ಕಾಣಲೇ ಇಲ್ಲ ಎನ್ನುವಷ್ಟು ಕಡಿಮೆ. ಮಣಿಕಟ್ಟು ಅಲ್ಲಾಡಿಸುವುದರಿಂದ ತೆಗೆದ ತೀರ್ಮಾನವನ್ನು ಜೀಪಿನ ಕೀಲಿಗೆ ಕೈ ಹಾಕಿದವನ ಮೇಲೆ ಹೇರುವುದು ಆದ್ದರಿಂದ ಅವಸರದ ಕೆಲಸ.

ಪ್ರಯೋಗಗಳು ಹೇಗೇ ಬರಲಿ, ಮಿದುಳಿನಲ್ಲಿ ನಡೆಯುವುದಕ್ಕೆಲ್ಲ ಹಿಂದೆ ಕಾರಣ ಇದ್ದೇ ಇರುತ್ತದಲ್ಲ ಎಂದು ನೀವು ಕೇಳಬಹುದು. ಈ ಪ್ರಶ್ನೆ ಲಿಬೆಟ್‌ಗಿಂತ ಎರಡೂವರೆ ಸಾವಿರ ವರ್ಷ ಹಳೆಯದು. ಬುದ್ಧ ಮತ್ತು ಮಹಾವೀರರ ಕಾಲದಲ್ಲಿ ಮಕ್ಖಲಿ ಗೋಸಾಲ ಎಂಬವನ ಆಜೀವಿಕ ಪಂಥ ಇದನ್ನೇ ಸಾರುತ್ತಿತ್ತು: ಎಲ್ಲವೂ ನಿಯತಿ, ಪುರುಷಪ್ರಯತ್ನ ಎಂಬುದೇ ಇಲ್ಲ. ಆ ಪಂಥ ಉತ್ತರದಲ್ಲಿ ಅಳಿದ ಮೇಲೂ ದಕ್ಷಿಣದಲ್ಲಿ ಶತಮಾನಗಳ ಕಾಲ ಉಳಿದಿತ್ತು. ಜೈನರ ಉಪಾಸಕದಶಾ ಸೂತ್ರದಲ್ಲಿ ಸದ್ದಾಲಪುತ್ತ ಎಂಬ ಆಜೀವಿಕ ಕುಂಬಾರನ ಪ್ರಸಂಗ ಬರುತ್ತದೆ. ಕೊಡಗಿನ ಭಾಗವನ್ನು ಆಳಿದ ಕೊಂಗಾಳ್ವ ಅರಸರ ಕಾಲದ ಮುಳ್ಳೂರಿನ ಬಸದಿಗಳಲ್ಲಿ ಈ ಪ್ರಸಂಗ ಎಂದಾದರೂ ಪಾರಾಯಣವಾಗಿರಬಹುದು ಎಂಬುದು ನನ್ನ ಆಸೆಯೇ ಹೊರತು ಇತಿಹಾಸವಲ್ಲ.

ಮಹಾವೀರ ಆ ಕುಂಬಾರನನ್ನು ಕೇಳುತ್ತಾನೆ: ಈ ಮಡಕೆಗಳು ಪ್ರಯತ್ನದಿಂದ ಆದವೋ, ಪ್ರಯತ್ನವಿಲ್ಲದೆಯೋ? ತನ್ನ ಮತಕ್ಕೆ ತಕ್ಕಂತೆ ಆತ ಪ್ರಯತ್ನವಿಲ್ಲದೆ, ನಿಯತಿಯಿಂದ ಎನ್ನುತ್ತಾನೆ. ಯಾರಾದರೂ ನಿನ್ನ ಮಡಕೆಗಳನ್ನು ಕದ್ದರೆ, ಒಡೆದರೆ, ನಿನ್ನ ಹೆಂಡತಿಯ ಮೇಲೆ ಕೈ ಹಾಕಿದರೆ? ಬಯ್ಯುತ್ತೇನೆ, ಹೊಡೆಯುತ್ತೇನೆ, ಕೊಂದರೂ ಕೊಂದೇನು ಎನ್ನುತ್ತಾನೆ ಕುಂಬಾರ. ಎಲ್ಲವೂ ನಿಯತಿಯಾದರೆ ಕದ್ದವನೂ ಇಲ್ಲ, ಒಡೆದವನೂ ಇಲ್ಲ. ಹಾಗಾದರೆ ಹೊಡೆಯುವುದು ಯಾರನ್ನು?

ಇದು ನಿಯತಿ ಸುಳ್ಳು ಎಂಬುದಕ್ಕೆ ಪುರಾವೆಯಲ್ಲ. ಕುಂಬಾರನ ಸಿಟ್ಟೇ ತಪ್ಪಾಗಿರಬಹುದಲ್ಲ! ಆದರೂ ಪ್ರಶ್ನೆ ಚುಚ್ಚುತ್ತದೆ. 1962ರಲ್ಲಿ ಆಕ್ಸ್‌ಫರ್ಡಿನ ತತ್ವಜ್ಞಾನಿ ಪಿ. ಎಫ್. ಸ್ಟ್ರಾಸನ್ ಇದೇ ಜಾಗವನ್ನು ಬೇರೆ ದಾರಿಯಿಂದ ತಲುಪಿದ. ಕೋಪ, ಕೃತಜ್ಞತೆ, ನೋವುಂಡ ಮನಸ್ಸು, ಕ್ಷಮೆ ಇವು ಯಾವುದೋ ಸಿದ್ಧಾಂತವನ್ನು ಒಪ್ಪಿದ ಮೇಲೆ ನಮ್ಮಲ್ಲಿ ಹುಟ್ಟಿದವಲ್ಲ. ಒಬ್ಬರೊಡನೊಬ್ಬರು ಬಾಳುವ ಬಗೆಯೇ ಇವು ಎಂದ. ಕೆಲವರ ವಿಷಯದಲ್ಲಿ ನಾವು ಕೋಪವನ್ನು ಹಿಂತೆಗೆದುಕೊಳ್ಳುತ್ತೇವೆ: ಚಿಕ್ಕ ಮಕ್ಕಳು, ಬುದ್ಧಿ ಭ್ರಮಣೆಯಾದವರು. ಹಾಗೆ ಹಿಂತೆಗೆದುಕೊಳ್ಳುವಾಗ ‘ಇವರ ವರ್ತನೆಗೆ ಹಿಂದೆ ಕಾರಣವಿತ್ತು’ ಎಂದು ಯೋಚಿಸುವುದಿಲ್ಲ, ಏಕೆಂದರೆ ಕಾರಣ ಎಲ್ಲರ ವರ್ತನೆಗೂ ಇದೆ. ‘ಇವರ ಜೊತೆ ಮಾತನಾಡಿ, ಸರಿ ತಪ್ಪು ಹೇಳಿ, ಅವರ ನಡೆಯನ್ನು ಬದಲಿಸಲಾಗದು’ ಎಂದು ಕಂಡುಕೊಂಡಿರುತ್ತೇವೆ.

ನನ್ನ ಉತ್ತರ ಇರುವುದು ಇಲ್ಲಿ. ಗಂಡಾನೆಗೆ ಮದ ಬಂದಾಗ ಕಪೋಲದಿಂದ ಸ್ರಾವ ಇಳಿಯುತ್ತದೆ, ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಹಲವು ಪಟ್ಟು ಏರುತ್ತದೆ. ಮದವಿಲ್ಲದ ಆನೆಯೂ ಮುಂಜಾನೆಯ ಮಂಜಿನಲ್ಲಿ ಕಾಫಿ ಗಿಡಗಳ ನಡುವೆ ಥಟ್ಟನೆ ಎದುರಾದರೆ ಮೇಲೆ ಬೀಳುತ್ತದೆ. ಮರುದಿನ ಅದರ ಮುಂದೆ ನಿಂತು ‘ನೀನು ತುಳಿದದ್ದು ಎರಡು ಮಕ್ಕಳ ತಾಯಿಯನ್ನು’ ಎಂದು ಹೇಳಿ ಅದರ ನಡೆ ಬದಲಿಸುವ ದಾರಿಯಿಲ್ಲ. ಮಾವುತನ ಪಳಗಿಸುವಿಕೆಯಿಂದ ಬದಲಾಗಬಹುದು. ಆದರೆ ಅದು ಬೇರೆ ಕೆಲಸ. ಅಮೆರಿಕದ ಟೆನೆಸಿಯ ಎರ್ವಿನ್‌ನಲ್ಲಿ 1916ರಲ್ಲಿ ತನ್ನನ್ನು ನೋಡಿಕೊಳ್ಳುವವನನ್ನು ಕೊಂದ ಮೇರಿ ಎಂಬ ಸರ್ಕಸ್ ಆನೆಯನ್ನು ರೈಲ್ವೆ ಕ್ರೇನಿಗೆ ನೇತುಹಾಕಿ ಕೊಂದರು. ಆ ಸುದ್ದಿ ಓದಿದರೆ ಇಂದು ಅಸಹ್ಯವಾಗುತ್ತದೆ. ಮೇರಿಗೆ ನೋವಾಯಿತು ಎಂಬುದು ಒಂದು ಕಾರಣ. ಶಿಕ್ಷೆಯಿಂದ ಏನನ್ನೂ ತಿಳಿಸಲಾಗದ ಜೀವದ ಮೇಲೆ ಶಿಕ್ಷೆಯ ನಾಟಕ ಆಡಿದರು ಎಂಬುದು ಇನ್ನೊಂದು.

ಜೀಪಿನವನ ಮುಂದೆ ಮಾತ್ರ ಮಾತಿಗೆ ಬೆಲೆಯಿತ್ತು. ‘ಕುಡಿದಿದ್ದೀಯ, ಕೀಲಿ ಕೊಡು’ ಎಂದು ಯಾರೋ ಹೇಳಬಹುದಿತ್ತು, ಬಹುಶಃ ಹೇಳಿಯೂ ಇದ್ದರು. ತಿರುವಿನಲ್ಲಿ ಪೊಲೀಸರು ನಿಂತಿದ್ದಾರೆ ಎಂದು ಗೊತ್ತಾಗಿದ್ದರೆ ಆತ ಅಂದು ಓಡಿಸುತ್ತಿರಲಿಲ್ಲ. ಆ ಒಂದು ಸಂಗತಿಯೇ ಸಾಕು: ಕಾರಣವನ್ನು ಕೇಳಿ ನಡೆ ತಿದ್ದಿಕೊಳ್ಳುವ ಶಕ್ತಿ ಅವನ ಮಿದುಳಿನಲ್ಲೇ ಇತ್ತು. ಅದೂ ನರಕೋಶಗಳ ಕೆಲಸವೇ, ಆಗಲಿ. ಮಿದುಳು ಮಾಡಿತು ಎಂದರೆ ನಾನು ಮಾಡಲಿಲ್ಲ ಎಂದಾಗುವುದಿಲ್ಲ, ಏಕೆಂದರೆ ಮಿದುಳನ್ನು ಬಿಟ್ಟು ಪಕ್ಕದಲ್ಲಿ ಬೇರೊಬ್ಬ ‘ನಾನು’ ಕಾದು ಕುಳಿತಿರಲಿಲ್ಲ.

ನಡು ಕುಡಿತದಲ್ಲಿ ಆ ಶಕ್ತಿ ಹೋಗಿತ್ತು ಎನ್ನುವುದು ಸರಿಯೇ. ಕಾನೂನು ಇದನ್ನು ಮೊದಲೇ ಯೋಚಿಸಿದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿನ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ. ಪೂರಾ ಅಮಲೇರುವ ಬಹಳ ಮೊದಲೇ ಇದು ದಾಟುತ್ತದೆ. ಭಾರತೀಯ ನ್ಯಾಯ ಸಂಹಿತೆಯ 23 ಮತ್ತು 24ನೇ ಸೆಕ್ಷನ್‌ಗಳು (ಹಳೆಯ ದಂಡ ಸಂಹಿತೆಯಲ್ಲಿ 85, 86) ಇನ್ನೂ ಸ್ಪಷ್ಟ: ಯಾರೋ ಅರಿವಿಲ್ಲದೆ ಕುಡಿಸಿದವನ ಲೆಕ್ಕ ಬೇರೆ, ತಾನಾಗಿ ಕುಡಿದವನ ಲೆಕ್ಕ ಬೇರೆ. ತಾನಾಗಿ ಕುಡಿದವನಿಗೆ, ಕುಡಿಯದಿದ್ದರೆ ಇರುತ್ತಿದ್ದ ಅರಿವೇ ಇತ್ತು ಎಂದು ಕಾನೂನು ಭಾವಿಸುತ್ತದೆ. ತಪ್ಪನ್ನು ತಿರುವಿನಲ್ಲಿ ಹುಡುಕದೆ, ಮೊದಲ ಲೋಟ ಎತ್ತಿದಾಗ ಕೀಲಿ ಜೇಬಿನಲ್ಲೇ ಇತ್ತಲ್ಲ, ಅಲ್ಲಿ ಹುಡುಕಬೇಕು ಎಂದು ನಾನಿದನ್ನು ಓದುತ್ತೇನೆ.

ಇಷ್ಟು ಹೇಳಿದ ಮೇಲೂ ನನ್ನ ವಾದಕ್ಕೆ ತೊಡಕು ತರುವ ಪ್ರಕರಣಗಳಿವೆ. 2000ದ ಸುಮಾರಿಗೆ ಅಮೆರಿಕದ ವರ್ಜೀನಿಯಾದಲ್ಲಿ ನಲವತ್ತರ ಪ್ರಾಯದ ಶಿಕ್ಷಕರೊಬ್ಬರಿಗೆ ಇದ್ದಕ್ಕಿದ್ದಂತೆ ಮಕ್ಕಳ ಮೇಲೆ ವಿಕೃತ ಆಸೆ ಹುಟ್ಟಿತು. ಪರೀಕ್ಷಿಸಿದಾಗ ಮಿದುಳಿನ ಮುಂಭಾಗದಲ್ಲಿ ಮೊಟ್ಟೆ ಗಾತ್ರದ ಗಡ್ಡೆ. ತೆಗೆದ ಮೇಲೆ ಆಸೆ ಹೋಯಿತು. ತಿಂಗಳುಗಳ ನಂತರ ಮರಳಿತು, ಗಡ್ಡೆಯೂ ಮರಳಿ ಬೆಳೆದಿತ್ತು. 2003ರಲ್ಲಿ ವೈದ್ಯರು ಇದನ್ನು ವರದಿ ಮಾಡಿದರು. ಆ ವ್ಯಕ್ತಿಗೆ ತಾನು ಮಾಡುವುದು ತಪ್ಪೆಂದು ಚೆನ್ನಾಗಿ ಗೊತ್ತಿತ್ತು, ತಡೆಯಲು ಮಾತ್ರ ಆಗುತ್ತಿರಲಿಲ್ಲ. ದುರ್ಯೋಧನನ ಬಾಯಲ್ಲಿ ಹೇಳಿಸುವ ‘ಜಾನಾಮಿ ಧರ್ಮಂ ನ ಚ ಮೇ ಪ್ರವೃತ್ತಿಃ’ (ಧರ್ಮ ಯಾವುದೆಂದು ಬಲ್ಲೆ, ಆದರೆ ಅದರಂತೆ ನಡೆಯಲಾರೆ) ಇದೇ ಅಲ್ಲವೇ? ನಮ್ಮ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಬುದ್ಧಿ ಸ್ವಾಧೀನವಿಲ್ಲದವನಿಗೆ ವಿನಾಯಿತಿ ಕೊಡುತ್ತದೆ. ಆದರೆ ಅದು ಕೇಳುವುದು ತನ್ನ ಕೃತ್ಯ ಎಂಥದ್ದು, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದು ತಿಳಿಯುವ ಶಕ್ತಿ ಇತ್ತೇ ಎಂದು. ತಡೆದುಕೊಳ್ಳುವ ಶಕ್ತಿ ಇತ್ತೇ ಎಂದಲ್ಲ. ಈ ಅಳತೆಗೋಲು ಇಂಗ್ಲೆಂಡಿನಲ್ಲಿ 1843ರ ಮೆಕ್‌ನಾಟನ್ ಪ್ರಕರಣದಿಂದ ಬಂದದ್ದು. ಮಿದುಳಿನ ಬಗ್ಗೆ ಇಷ್ಟು ತಿಳಿದ ಮೇಲೂ ಅದನ್ನೇ ಹಿಡಿದುಕೊಂಡಿರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ದುರ್ಯೋಧನನಿಗೂ ಗಡ್ಡೆಯಿತ್ತು ಎಂದು ಹೇಳುತ್ತಿಲ್ಲ. ಗಡ್ಡೆ ಇದ್ದವನನ್ನು ದುರ್ಯೋಧನನೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು ಎನ್ನುತ್ತಿದ್ದೇನೆ.

ಇನ್ನೂ ಆಳದ ಆಕ್ಷೇಪ ಒಂದಿದೆ. ಅದನ್ನು ಎತ್ತಿದವರಲ್ಲಿ ಮುಖ್ಯನಾದ ಗೇಲನ್ ಸ್ಟ್ರಾಸನ್ ಮೇಲೆ ಹೇಳಿದ ಸ್ಟ್ರಾಸನ್‌ನ ಮಗನೇ ಎಂಬುದು ತತ್ವಶಾಸ್ತ್ರದ ಮನೆಯೊಳಗಿನ ತಮಾಷೆ. ನೀನು ಮಾಡುವುದು ನಿನ್ನ ಸ್ವಭಾವದಿಂದ. ಸ್ವಭಾವವನ್ನು ನೀನು ಆರಿಸಿಕೊಳ್ಳಲಿಲ್ಲ. ಆರಿಸಿಕೊಂಡೆ ಎಂದರೂ ಆ ಆಯ್ಕೆ ಅದಕ್ಕೂ ಹಿಂದಿನ ಸ್ವಭಾವದಿಂದ ಬಂದದ್ದು ಎನ್ನುತ್ತದೆ ಮಗನ ವಾದ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ತೋಟದ ಕೂಲಿಕಾರರ ಲೈನ್ ಮನೆಯಲ್ಲಿ ಹುಟ್ಟಿ, ವಾರದ ಕೂಲಿ ಬಂದ ಸಂಜೆ ಅಪ್ಪ ಕುಡಿದು ಬರುವುದನ್ನೇ ನೋಡುತ್ತ ಬೆಳೆದು, ಹದಿನೈದಕ್ಕೇ ಲೋಟ ಹಿಡಿದ ಹುಡುಗನೂ, ಎಲ್ಲ ಇದ್ದೂ ಮೋಜಿಗೆ ಕುಡಿದ ತೋಟದ ಮಾಲೀಕನ ಮಗನೂ ಒಂದೇ ತಿರುವಿನಲ್ಲಿ ಒಂದೇ ತಪ್ಪು ಮಾಡಿದರೆ, ಇಬ್ಬರೂ ಹೊಣೆಗಾರರು ಎನ್ನುತ್ತೇನೆ. ಇಬ್ಬರೂ ಒಂದೇ ಪ್ರಮಾಣದ ನೋವಿಗೆ ಅರ್ಹರು ಎನ್ನಲು ಬಾಯಿ ಬರುವುದಿಲ್ಲ.

ನ್ಯಾಯಾಲಯದಲ್ಲಿ ಈ ಎರಡು ಪ್ರಶ್ನೆಗಳು ಬೇರೆಯಾಗಿಯೇ ಇವೆ. ಸೆಷನ್ಸ್ ವಿಚಾರಣೆಯಲ್ಲಿ ತಪ್ಪಿತಸ್ಥ ಎಂದು ತೀರ್ಪು ಬಂದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯ ಮಾತನ್ನು ಪ್ರತ್ಯೇಕವಾಗಿ ಕೇಳಬೇಕು. ಗಲ್ಲು ಶಿಕ್ಷೆಯ ಪ್ರಕರಣಗಳಲ್ಲಿ ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯ ಹಿನ್ನೆಲೆಯನ್ನೂ ತೂಗಬೇಕು ಎಂದು ಸುಪ್ರೀಂ ಕೋರ್ಟ್ 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಹೇಳಿತು. ‘ನನ್ನ ಮಿದುಳು ಮೊದಲೇ ತೀರ್ಮಾನಿಸಿತ್ತು’ ಎಂಬ ವಾದವನ್ನು ನಿಮ್ಮ ಚಾಲಕ ಮೊದಲ ಹಂತದಲ್ಲಿ ತಂದರೆ ನಾನು ಒಪ್ಪುವುದಿಲ್ಲ. ಎರಡನೆಯ ಹಂತದಲ್ಲಿ ಅವನ ಹದಿನೈದನೆಯ ವಯಸ್ಸಿನ ಕಥೆ ತಂದರೆ ಕುಳಿತು ಕೇಳಬೇಕು. ಸತ್ತವರ ಮನೆಯವರಿಗೂ ಅದನ್ನು ಕೇಳಿಸಿಕೊಳ್ಳಿ ಎಂದು ಹೇಳುವ ಹಕ್ಕು ಮಾತ್ರ ನನಗಿಲ್ಲ.