ಬಸವನಹುಳು ಜಾಸ್ತಿ ಆಗಿದೆಯಾ? ಮೊದಲು ಮೀನಿನ ಊಟ ನೋಡಿ

ಮೀನಿನ ಟ್ಯಾಂಕಿನಲ್ಲಿ ಕಾಣುವ ಈ ಬಸವನಹುಳುಗಳನ್ನು ದುಡ್ಡು ಕೊಟ್ಟು ಯಾರೂ ಮನೆಗೆ ತರುವುದಿಲ್ಲ. ಗಿಡದ ಜೊತೆ ಬಂದುಬಿಡುತ್ತವೆ. ಅಕ್ವೇರಿಯಂ ಅಂಗಡಿಯಿಂದ ತಂದ ಗಿಡದ ಎಲೆಯನ್ನು ಮಗುಚಿ ಬೆಳಕಿಗೆ ಹಿಡಿದು ನೋಡಿ. ಬೆಂದ ಸಬ್ಬಕ್ಕಿಯಂತೆ ತಿಳಿಯಾದ ಒಂದು ಲೋಳೆ ಮುದ್ದೆ ಅಂಟಿಕೊಂಡಿರಬಹುದು. ಬೆರಳಿನಿಂದ ತಳ್ಳಿದರೆ ಜಾರುತ್ತದೆಯೇ ಹೊರತು ಸುಲಭಕ್ಕೆ ಬಿಡುವುದಿಲ್ಲ. ಒಳಗೆ ಹತ್ತಾರು ಚುಕ್ಕೆಗಳು. ನಮ್ಮ ಕಡೆಯ ಬೆಚ್ಚನೆ ನೀರಿನಲ್ಲಿ ವಾರ, ಹತ್ತು ದಿನಕ್ಕೆಲ್ಲ ಮರಿಗಳು ಹೊರಬರುತ್ತವೆ. ಇನ್ನೊಂದೆರಡು ತಿಂಗಳಿಗೆ ಆ ಮರಿಗಳೂ ಮೊಟ್ಟೆಯಿಡುತ್ತವೆ.

ಓಡಿಸುವ ಮೊದಲು ಬಂದಿರುವುದು ಯಾವುದು ಅಂತ ಗುರುತಿಸಬೇಕು. ಮನೆಯ ಟ್ಯಾಂಕುಗಳಲ್ಲಿ ಮುಖ್ಯವಾಗಿ ಕಾಣುವುದು ಮೂರು ಜಾತಿ. ಮೂರರ ಸ್ವಭಾವವೂ ಬೇರೆ ಬೇರೆ.

ಗಾಜಿನ ಮೇಲೆ ಸರಸರ ಓಡಾಡುವ ಸಣ್ಣ ಕಂದು ಹುಳು ಬ್ಲ್ಯಾಡರ್ ಸ್ನೇಲ್. ಶಾಸ್ತ್ರೀಯ ಹೆಸರು ಫೈಸಾ ಅಕ್ಯೂಟಾ. ಖಾಲಿ ಚಿಪ್ಪೊಂದನ್ನು ಎತ್ತಿಕೊಳ್ಳಿ. ಚೂಪು ತುದಿ ಮೇಲಕ್ಕಿರಲಿ, ಬಾಯಿ ನಿಮ್ಮ ಕಡೆಗಿರಲಿ. ಬಾಯಿ ಎಡಗಡೆಗೆ ಇದ್ದರೆ ಇದೇ ಹುಳು. ಬಹುಪಾಲು ಬಸವನಹುಳುಗಳ ಚಿಪ್ಪಿಗೆ ಬಾಯಿ ಬಲಕ್ಕಿರುತ್ತದೆ. ಇದಕ್ಕೆ ಕಿವಿರಿಲ್ಲ, ಶ್ವಾಸಕೋಶವಿದೆ. ಆಗಾಗ ಮೇಲೆ ಬಂದು ಗಾಳಿ ತುಂಬಿಕೊಂಡು ಹೋಗುತ್ತದೆ. ಒಂದೇ ಹುಳು ಗಂಡೂ ಹೌದು, ಹೆಣ್ಣೂ ಹೌದು. ಜೊತೆ ಸಿಕ್ಕರೆ ಕೂಡುತ್ತದೆ. ಸಿಗದಿದ್ದರೆ ಸ್ವಲ್ಪ ದಿನ ಕಾದು, ಆಮೇಲೆ ತನ್ನಷ್ಟಕ್ಕೇ ಮೊಟ್ಟೆಯಿಡಲು ಶುರು ಮಾಡುತ್ತದೆ. ಹಾಗಾಗಿ 'ಒಂದೇ ಒಂದು ಇದೆ, ಇರಲಿ ಬಿಡಿ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಇದಕ್ಕೆ 1805ರಲ್ಲಿ ಹೆಸರಿಟ್ಟವನು ಡ್ರಾಪಾರ್ನೋ ಎಂಬ ಫ್ರೆಂಚ್ ವಿಜ್ಞಾನಿ. ಹುಳು ಸಿಕ್ಕಿದ್ದು ಫ್ರಾನ್ಸಿನ ಗರೋನ್ ನದಿಯಲ್ಲಿ. ಯುರೋಪಿನದೇ ಹುಳು ಅಂತ ಬಹಳ ಕಾಲ ನಂಬಿದ್ದರು. 2002ರಲ್ಲಿ ಅಮೆರಿಕದ ಸಂಶೋಧಕರು ಅಲ್ಲಿನ ಮತ್ತು ಯುರೋಪಿನ ಹುಳುಗಳನ್ನು ಜೋಡಿ ಮಾಡಿ ನೋಡಿದಾಗ ಯಾವ ಅಡ್ಡಿಯೂ ಇಲ್ಲದೆ ಮರಿಗಳಾದವು. ಬೇರೆ ಬೇರೆ ಹೆಸರು ಇಟ್ಟಿದ್ದೆಲ್ಲ ಒಂದೇ ಜಾತಿ. ಮೂಲ ಉತ್ತರ ಅಮೆರಿಕ. ಈಗ ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇದೆ.

ಎರಡನೆಯದು ರಾಮ್ಸ್‌ಹಾರ್ನ್. ಚಪ್ಪಟೆಯಾಗಿ ಸುತ್ತಿಕೊಂಡ ಚಿಪ್ಪು. ತಿಳಿ ಬಣ್ಣದ ಒಂದನ್ನು ಹಿಡಿದು ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿದರೆ ಮೈ ಕೆಂಪಗೆ ಕಾಣುತ್ತದೆ. ಅದು ನಿಜಕ್ಕೂ ರಕ್ತದ ಕೆಂಪು. ಹೆಚ್ಚಿನ ಬಸವನಹುಳುಗಳ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರ ಇರುವ ಹೀಮೋಸಯನಿನ್, ಬಣ್ಣ ತೆಳು ನೀಲಿ. ರಾಮ್ಸ್‌ಹಾರ್ನ್ ಕುಟುಂಬಕ್ಕೆ ಮಾತ್ರ ನಮ್ಮ ಹಾಗೆ ಕಬ್ಬಿಣದ ಹಿಮೋಗ್ಲೋಬಿನ್.

ಮೂರನೆಯದು ಟ್ರಂಪೆಟ್ ಸ್ನೇಲ್. ಉದ್ದ, ಮೊನಚು. ಅಂಗಡಿಯವರು ಮಲೇಷಿಯನ್ ಅನ್ನುತ್ತಾರೆ. ಆದರೆ 1774ರಲ್ಲಿ ಮ್ಯುಲ್ಲರ್ ಎಂಬ ಡ್ಯಾನಿಶ್ ವಿಜ್ಞಾನಿ ಇದನ್ನು ಮೊದಲು ವಿವರಿಸಿದ್ದು ನಮ್ಮ ಕೋರಮಂಡಲ ತೀರದ ಚಿಪ್ಪು ನೋಡಿ. ಹಗಲೆಲ್ಲ ಜಲ್ಲಿಯೊಳಗೆ ಹೂತಿರುತ್ತದೆ. ರಾತ್ರಿ ಲೈಟ್ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಾಕಿದರೆ ತಳವೇ ಹರಿದಾಡುತ್ತಿರುತ್ತದೆ. ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಗಂಡಿನ ಹಂಗಿಲ್ಲದೆ ಮೈಯೊಳಗಿನ ಚೀಲದಲ್ಲಿ ಮರಿ ಮಾಡಿ ಹೊರಬಿಡುತ್ತದೆ. ಎಲೆಯ ಮೇಲೆ ಮೊಟ್ಟೆ ಹುಡುಕಿ ಪ್ರಯೋಜನವಿಲ್ಲ. ಇದನ್ನು ಪೂರ್ತಿ ತೆಗೆಯುವುದಕ್ಕೆ ಜಲ್ಲಿಯನ್ನೇ ಬದಲಿಸಬೇಕು. ನನ್ನನ್ನು ಕೇಳಿದರೆ, ಇರಲಿ ಬಿಡಿ ಅನ್ನುತ್ತೇನೆ. ಜಲ್ಲಿ ಕೆದಕಿ ಗಾಳಿಯಾಡಿಸುತ್ತದೆ. ಜೊತೆಗೆ ಇದು ಕಿವಿರಿನಲ್ಲಿ ಉಸಿರಾಡುವ ಹುಳು. ಹಟ್ಟಹಗಲೇ ಎಲ್ಲವೂ ಗಾಜು ಹತ್ತಿ ಮೇಲೆ ಬಂದರೆ ನೀರಿನಲ್ಲಿ ಆಮ್ಲಜನಕ ಇಳಿದಿರಬಹುದು. ಏರ್ ಪಂಪ್ ನಿಂತಿದೆಯಾ ನೋಡಿ.

ಈಗ ಸಂಖ್ಯೆಯ ಮಾತು. ಎರಡಡಿ ಟ್ಯಾಂಕಿನಲ್ಲಿ ಇಪ್ಪತ್ತು ಹುಳು ಇರುತ್ತದೋ ಎರಡು ಸಾವಿರ ಇರುತ್ತದೋ ತೀರ್ಮಾನಿಸುವುದು ನೀರಿಗೆ ಬೀಳುವ ಊಟ. ಮೀನಿನ ಮೈ ಬಿಸಿ ಕಾಪಾಡಿಕೊಳ್ಳಲು ಅದಕ್ಕೆ ನಮ್ಮ ಹಾಗೆ ತಿಂಡಿ ಬೇಕಾಗಿಲ್ಲ. ಸ್ವಲ್ಪದರಲ್ಲೇ ಬದುಕುತ್ತದೆ. ಆದರೆ ಹತ್ತಿರ ಹೋದಾಗಲೆಲ್ಲ ಓಡಿ ಬರುತ್ತಲ್ಲ, ಪಾಪ ಹಸಿದಿದೆ ಅಂತ ಮನೆಮಂದಿಯೆಲ್ಲ ಒಂದೊಂದು ಚಿಟಿಕೆ ಹಾಕುತ್ತಾರೆ. ರಜೆಗೆ ಬಂದ ನೆಂಟರ ಮಕ್ಕಳಂತೂ ಡಬ್ಬಿಯನ್ನೇ ಬಗ್ಗಿಸುತ್ತಾರೆ. ಉಳಿದದ್ದು ಜಲ್ಲಿ ಸಂದಿಗೆ ಇಳಿದು ಕೊಳೆಯುತ್ತದೆ. ಅದನ್ನು ತಿಂದೇ ಹುಳು ಬೆಳೆಯುವುದು.

ಎರಡು ನಿಮಿಷದಲ್ಲಿ ಮೀನು ಮುಗಿಸುವಷ್ಟು ಮಾತ್ರ ಹಾಕಿ. ಬೆಳೆದ ಮೀನುಗಳಿಗೆ ವಾರಕ್ಕೊಂದು ದಿನ ಉಪವಾಸ ಮಾಡಿಸಿ, ಏನೂ ಆಗುವುದಿಲ್ಲ. ನೀರು ಬದಲಿಸುವಾಗ ಸೈಫನ್ ಪೈಪನ್ನು ಜಲ್ಲಿಗೆ ಊರಿ ಕೊಳೆ ಎಳೆಯಿರಿ. ಪಾಚಿಯೂ ಅವುಗಳ ಊಟವೇ, ಹಾಗಾಗಿ ಲೈಟನ್ನು ಇಡೀ ದಿನ ಉರಿಸಬೇಡಿ. ಊಟ ಕಡಿಮೆಯಾದರೆ ಹುಳುಗಳು ಕಡಿಮೆ ಮೊಟ್ಟೆಯಿಡುತ್ತವೆ, ಮರಿಗಳು ನಿಧಾನವಾಗಿ ಬೆಳೆಯುತ್ತವೆ. ಕಣ್ಣಿಗೆ ಕಾಣುವ ವ್ಯತ್ಯಾಸಕ್ಕೆ ಒಂದೆರಡು ತಿಂಗಳು ಬೇಕು.

ಅಷ್ಟು ತಾಳ್ಮೆ ಇಲ್ಲದವರು ಸೌತೆಕಾಯಿ ಉಪಾಯ ಮಾಡಬಹುದು. ದಪ್ಪ ಬಿಲ್ಲೆ ಕತ್ತರಿಸಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಇಟ್ಟು, ಸ್ಟೀಲ್ ಚಮಚಕ್ಕೆ ಸಿಕ್ಕಿಸಿ ರಾತ್ರಿ ತಳಕ್ಕೆ ಬಿಡಿ. ಬೆಳಿಗ್ಗೆ ಲೈಟ್ ಹಾಕುವ ಮುಂಚೆ ಚಮಚ ಎತ್ತಿದರೆ ಬಿಲ್ಲೆಯ ತುಂಬ ಹುಳು. ಆದರೆ ಊಟ ಕಡಿಮೆ ಮಾಡದೆ ಇದನ್ನೊಂದೇ ಮಾಡಿದರೆ ತೆಗೆದಷ್ಟೂ ಹುಟ್ಟುತ್ತಲೇ ಇರುತ್ತವೆ.

ಔಷಧಿ ಬಾಟಲಿಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಹುಳು ಕೊಲ್ಲಲು ಹಾಕುವ ಹಲವು ಔಷಧಿಗಳಲ್ಲಿ ಇರುವುದು ತಾಮ್ರ. ಅಡಿಕೆ ತೋಟದವರಿಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಹೊಸದಲ್ಲ. ಸುಣ್ಣದ ಜೊತೆ ಸೇರಿಸಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅದೇ. (ಆ ಬೋರ್ಡೋ ಊರು ಇರುವುದೂ ಗರೋನ್ ನದಿಯ ದಡದಲ್ಲೇ!) ಬಹುಪಾಲು ಹುಳುಗಳ ರಕ್ತದಲ್ಲೇ ತಾಮ್ರ ಇದೆಯಲ್ಲ, ಮತ್ತೆ ಯಾಕೆ ಸಾಯುತ್ತವೆ ಅಂತ ಕೇಳಬಹುದು. ರಕ್ತದ ತಾಮ್ರ ಪ್ರೋಟೀನಿನಲ್ಲಿ ಕಟ್ಟಿಹಾಕಿಕೊಂಡಿರುತ್ತದೆ. ನೀರಿನಲ್ಲಿ ಕರಗಿದ ತಾಮ್ರ ಬಿಡಿಯಾಗಿ ತಿರುಗಾಡುತ್ತದೆ. ಸಿಹಿನೀರಿನ ಪ್ರಾಣಿಗಳು ಸುತ್ತಲಿನ ನೀರಿನಿಂದ ಸೋಡಿಯಂ ಹೀರಿಕೊಂಡೇ ಬದುಕಬೇಕು. ತಾಮ್ರ ಆ ದಾರಿಯನ್ನೇ ಮುಚ್ಚುತ್ತದೆ.

ಸಿಗಡಿ ಸಾಕಿದ್ದರೆ ಹುಳುವಿನ ಜೊತೆ ಅದೂ ಹೋಗುತ್ತದೆ. ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಮೀನು ತಡೆದುಕೊಂಡ ಪ್ರಮಾಣವೇ ಕರಾವಳಿಯ ಬಾವಿ ನೀರಿನಲ್ಲಿ ಮೀನನ್ನೂ ಕೊಲ್ಲಬಹುದು. ಹುಳು ಸತ್ತ ಮೇಲೂ ಅಪಾಯ ಮುಗಿಯುವುದಿಲ್ಲ. ಜಲ್ಲಿಯೊಳಗೆ ನೂರಾರು ಹುಳು ಒಟ್ಟಿಗೆ ಕೊಳೆತರೆ ಅಮೋನಿಯಾ ಏರುತ್ತದೆ. ಹುಳು ಸತ್ತ ಎರಡು ದಿನಕ್ಕೆ ಮೀನು ತೇಲಿದರೆ ಅಂಗಡಿಯವನು ಮೀನೇ ವೀಕ್ ಇತ್ತು ಅನ್ನುತ್ತಾನೆ.

ಇನ್ನು ಹುಳು ತಿನ್ನುವ ಪ್ರಾಣಿಗಳು. ಅಂಗಡಿಯಲ್ಲಿ ಜೀಬ್ರಾ ಲೋಚ್ ಅಂತ ಮಾರುವ, ಮೈತುಂಬ ಸಣ್ಣ ಪಟ್ಟೆಗಳ ಮೀನು ನಮ್ಮ ತುಂಗೆಯದು. ಶಿವಮೊಗ್ಗದ ತುಂಗಾ ನದಿಯ ಮೀನು ನೋಡಿ 1920ರಲ್ಲಿ ಅದಕ್ಕೆ ಬೋಟಿಯಾ ಸ್ಟ್ರಿಯಾಟಾ ಎಂದು ಹೆಸರಿಟ್ಟವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್. 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಈ ಮೀನು ಹುಳು ತಿನ್ನುತ್ತದೆ, ನಿಜ. ಆದರೆ ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿರುವ ಇದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಅಪಾಯದಂಚಿನ ಪಟ್ಟಿಯಲ್ಲಿದೆ. ಹೊಳೆಯಿಂದ ಹಿಡಿದು ತಂದೇ ಮಾರುವುದೂ ಉಂಟು. ಗುಂಪಿನಲ್ಲಿ ಬಾಳುವ ಮೀನು ಬೇರೆ. ನಾಲ್ಕು ಬಸವನಹುಳುವಿಗೋಸ್ಕರ ಒಂಟಿಯಾಗಿ ಇದನ್ನು ತರುವುದು ನನಗಂತೂ ಸರಿ ಕಾಣುವುದಿಲ್ಲ. ಘಟ್ಟದ್ದೇ ಆದ ಪುಟಾಣಿ ಪೀ ಪಫರ್ ಹುಳುವನ್ನು ಇಷ್ಟಪಟ್ಟು ತಿನ್ನುತ್ತದೆ, ಆದರೆ ಬೇರೆ ಮೀನಿನ ರೆಕ್ಕೆಯನ್ನೂ ಕಚ್ಚುತ್ತದೆ. ತರಲೇಬೇಕು ಅಂದರೆ ಆಗ್ನೇಯ ಏಷ್ಯಾದ ಅಸ್ಯಾಸಿನ್ ಸ್ನೇಲ್ ವಾಸಿ. ಅದು ಬೇರೆ ಬಸವನಹುಳುಗಳನ್ನು ಹಿಡಿದು ತಿನ್ನುವ ಬಸವನಹುಳು. ಗಂಡು ಹೆಣ್ಣು ಬೇರೆ ಬೇರೆ, ಹೆಚ್ಚುವುದೂ ನಿಧಾನ.

ಹೊಸ ಗಿಡ ತಂದಾಗ ನೇರವಾಗಿ ಟ್ಯಾಂಕಿಗೆ ಇಳಿಸಬೇಡಿ. ಒಂದು ಪಾಲು ಬ್ಲೀಚಿಗೆ 19 ಪಾಲು ನೀರು ಬೆರೆಸಿ ಎರಡು ನಿಮಿಷ ಅದ್ದಿ, ತೊಳೆದು, ಆಂಟಿ ಕ್ಲೋರಿನ್ ಹಾಕಿದ ನೀರಿನಲ್ಲಿ ಬಿಡಿ. ಪಾಚಿಗಿಡ (ಮಾಸ್), ವ್ಯಾಲಿಸ್ನೇರಿಯಾದಂಥ ನಾಜೂಕು ಗಿಡ ಇದಕ್ಕೆ ಸುಟ್ಟುಹೋಗುತ್ತವೆ. ಅವನ್ನು ಬೇರೆ ಬಕೆಟ್ಟಿನಲ್ಲಿ ಎರಡು ಮೂರು ವಾರ ಇಟ್ಟು, ಹುಟ್ಟಿದ ಮರಿಗಳನ್ನು ಆರಿಸಿ ತೆಗೆಯುವುದು ಮೇಲು. ಟ್ರಂಪೆಟ್ ಹುಳು ಚಿಪ್ಪಿನ ಬಾಗಿಲು ಮುಚ್ಚಿ ಒಳಗೆ ಕೂರುವುದರಿಂದ ಬ್ಲೀಚಿಗೂ ಜಗ್ಗದಿರಬಹುದು. ಬೇರಿನ ಸಂದಿಯನ್ನು ಕೈಯಲ್ಲೇ ತಡಕಿ ನೋಡಬೇಕು.

ತೆಗೆದ ಹುಳುಗಳನ್ನು ಜಜ್ಜಿ ಮೀನಿಗೇ ಹಾಕಬಹುದು, ಖುಷಿಯಾಗಿ ತಿನ್ನುತ್ತವೆ. ಜಾಸ್ತಿಯಿದ್ದರೆ ಜಜ್ಜಿ ಗೊಬ್ಬರದ ಗುಂಡಿಗೆ ಹಾಕಿ. ಕೆರೆಗೆ, ಮೋರಿಗೆ ಮಾತ್ರ ಬೇಡ. ಬ್ಲ್ಯಾಡರ್ ಸ್ನೇಲ್ ಲೋಕವೆಲ್ಲ ಹಬ್ಬಿದ್ದರಲ್ಲಿ ಅಕ್ವೇರಿಯಂ ಗಿಡಗಳ ವ್ಯಾಪಾರದ ಪಾಲೂ ಇದೆ.